ಕಾಕಾನ ‘ಆತ’

ಸರ್ವನಾಮಗಳಿಲ್ಲದೆ ಹೋಗಿದ್ದರೆ ನಮ್ಮ ಸಂಸಾರ ಎಂದೋ ನಿಂತುಹೋಗುತ್ತಿತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ. ಬೆಳಿಗ್ಗೆ ನಮ್ಮ ಮನೆಯವರು ಪತ್ರಿಕೆಯಿಂದ ತಲೆಯೆತ್ತದೆ “ಅದನ್ನ ಅದರಾಗ ಹಾಕಿದೇನು?” ಎಂದು ಕೇಳುತ್ತಾರೆ. ನಾನು ಒಗ್ಗರಣೆಯಿಂದ ತಲೆಯೆತ್ತದೆ “ಅದು ನಿನ್ನೇನ ಆತು, ಇದನ್ನಷ್ಟ ಅವರಿಗೆ ಕೊಟ್ಟ ಬರ್ರಿ” ಎನ್ನುತ್ತೇನೆ. ಹೊರಗಿನವರು ಯಾರಾದರೂ ಕೇಳಿಸಿಕೊಂಡರೆ ಈ ಗಂಡಹೆಂಡತಿ ಏನೋ ಕಳ್ಳವ್ಯವಹಾರ ನಡೆಸಿದ್ದಾರೆಂದು ಸಂಶಯಪಟ್ಟಾರು. ವಾಸ್ತವದಲ್ಲಿ ಅವರು ಕೇಳಿದ್ದು ಗೋಡೆ ಗಡಿಯಾರಕ್ಕೆ ಸೆಲ್ ಹಾಕಿದೆಯಾ ಎಂದು. ನಾನು ಹೇಳಿದ್ದು ಬಾಜು ಮನೆಯ ಬಾನು ಖಾಲಾ ಅವರ ಡಬ್ಬಿಯನ್ನು ಹಿಂದಿರುಗಿಸಿ ಬನ್ನಿ ಎಂದು. ನೀವೂ ನಿಮ್ಮ ಮನೆಯಲ್ಲಿ ಒಂದು ದಿನ ಕಿವಿಗೊಟ್ಟು ಕೇಳಿ ನೋಡಿ. ಆಡುವ ಮಾತಿನಲ್ಲಿ ಅರ್ಧಕ್ಕರ್ಧ ಪೊಳ್ಳು, ಆದರೂ ಗಡಿಯಾರ ನಡೆಯುತ್ತಿರುತ್ತದೆ, ಡಬ್ಬಿ ಸೇರಬೇಕಾದ ಮನೆ ಸೇರುತ್ತದೆ.

ಇಂಥ ಪೊಳ್ಳು ಮಾತಿನ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರವಿತ್ತು. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಹ್ರಸ್ವ ದೀರ್ಘಗಳ ವಿಷಯದಲ್ಲಿ ಮಕ್ಕಳನ್ನು ಎಷ್ಟು ಗೋಳು ಹೊಯ್ದುಕೊಂಡಿದ್ದೇನೆಂದರೆ, ಈಗಲೂ ಮಾರ್ಕೆಟ್ಟಿನಲ್ಲಿ ಹಳೆಯ ವಿದ್ಯಾರ್ಥಿಗಳು ನನ್ನನ್ನು ಕಂಡರೆ ನಮಸ್ಕಾರಕ್ಕಿಂತ ಮೊದಲು ಉಚ್ಚಾರವನ್ನು ಸರಿಮಾಡಿಕೊಳ್ಳುತ್ತಾರೆ. ಅರ್ಥವೆಂಬುದು ಶಬ್ದದೊಳಗೇ ಇರುತ್ತದೆ, ಶೇಂಗಾ ಸುಲಿದಂತೆ ಸುಲಿದು ತೆಗೆದುಕೊಂಡರಾಯಿತು ಎಂಬುದು ನನ್ನ ಸಿದ್ಧಾಂತವಾಗಿತ್ತು. ಆ ಸಿದ್ಧಾಂತಕ್ಕೆ ಎರಡೇ ಎರಡು ಅಕ್ಷರಗಳ ಒಂದು ಶಬ್ದ ಹೇಗೆ ಏಟು ಕೊಟ್ಟಿತೆಂಬುದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ. ಹೇಳಿಕೊಂಡ ಮೇಲೆ ನನಗಾದರೂ ಅದು ಸ್ಪಷ್ಟವಾದೀತೆಂಬ ಆಸೆ.

ನನ್ನ ಕಾಕಾ, ಅಂದರೆ ತಂದೆಯ ತಮ್ಮ, ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು. ಕಿಟಕಿಯೊಳಗೆ ಕುಳಿತು ಮೈಕಿನಲ್ಲಿ ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆಂದು ಕೂಗುವುದು ಅವನ ಕೆಲಸ. ಮೊದಲು ಕನ್ನಡ, ಆಮೇಲೆ ಮರಾಠಿ, ಕಡೆಗೆ ತನ್ನದೇ ಒಂದಿಷ್ಟು ಉಪದೇಶ. “ಹಸಿರ ಪತ್ತಲದ ಅಕ್ಕಾರ, ನೀವು ಕುಂತದ್ದು ಹಳಿಯಾಳದ ಬಸ್ಸು, ನಿಮ್ಮ ಗಂಟು ಐತಿ ನಂದಗಡದ ಬಸ್ಸಿನ್ಯಾಗ” ಎಂದು ಊರಿಗೆಲ್ಲ ಕೇಳುವಂತೆ ಹೇಳಿ ಜನರನ್ನು ಸರಿಯಾದ ಬಸ್ಸಿಗೆ ಹತ್ತಿಸುತ್ತಿದ್ದ. ಮನೆಗೆ ಬಂದರೂ ಆ ಮೈಕು ಆರುತ್ತಿರಲಿಲ್ಲ. ನಾನು ಕಾಲೇಜು ಓದಿದ್ದು ಅವನ ಮನೆಯಲ್ಲಿದ್ದುಕೊಂಡು. ಮಕ್ಕಳಿಲ್ಲದ ಆ ಮನೆಗೆ ನಾನೇ ಮಗಳು. ನನ್ನನ್ನು ‘ಪಂಡಿತಬಾಯಿ’ ಎಂದು ಕರೆದು ಛೇಡಿಸುತ್ತ, ಊಟಕ್ಕೆ ಕುಳಿತರೆ ತುತ್ತಿಗಿಂತ ಮಾತಿನಿಂದಲೇ ಹೊಟ್ಟೆ ತುಂಬುತ್ತದೇನೋ ಅನ್ನುವಂತೆ ಮಾತಾಡುತ್ತಿದ್ದ.

ಆ ಮನೆಯ ಭಾಷಾನೀತಿಯನ್ನೂ ಇಲ್ಲಿ ಹೇಳಬೇಕು. ಕಾಕಾ ಕಲಿತದ್ದು ಮರಾಠಿ ಸಾಲೆಯಲ್ಲಿ. ಗೆಳೆಯರು, ಜಗಳ, ಇಸ್ಪೀಟು, ಲೆಕ್ಕ, ಬೈಗುಳ ಎಲ್ಲವೂ ಮರಾಠಿಯಲ್ಲಿ. ಕಾಕು, ಅಂದರೆ ಅವನ ಹೆಂಡತಿ, ಬೈಲಹೊಂಗಲದವಳು. ಮದುವೆಯಾಗಿ ಖಾನಾಪುರಕ್ಕೆ ಬಂದ ಹೊಸತರಲ್ಲಿ ಓಣಿಯ ಹೆಂಗಸರು ಆಕೆಯ ಮರಾಠಿ ಕೇಳಿ ನಕ್ಕರಂತೆ. ಅಂದಿನಿಂದ ಆಕೆ ಮರಾಠಿಯನ್ನು ಕೇಳಿಸಿಕೊಂಡು ಕನ್ನಡದಲ್ಲೇ ಉತ್ತರಿಸುವ ವ್ರತ ಹಿಡಿದಳು, ಕಾಕಾ ಆಕೆಯೊಂದಿಗೆ ಕನ್ನಡವನ್ನಷ್ಟೇ ಆಡುವ ವ್ರತ ಹಿಡಿದ. ಮರಾಠಿಯಲ್ಲಿ ಗದ್ದಲ ಮಾಡುತ್ತ ಬಂದವನು ಹೊಸ್ತಿಲು ದಾಟಿದ ಕೂಡಲೇ ಕನ್ನಡಕ್ಕೆ ಹೊರಳುತ್ತಿದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರು ಅದನ್ನು ಪ್ರೀತಿ ಎಂದು ಕರೆದದ್ದನ್ನು ಮಾತ್ರ ನಾನು ಕೇಳಿಲ್ಲ.

ಇಂಥ ಕಾಕಾ ಕಳೆದ ಮಳೆಗಾಲದ ಒಂದು ಮುಂಜಾನೆ ಹಲ್ಲುಜ್ಜುತ್ತ ನಿಂತಲ್ಲೇ ಕುಸಿದ. ಲಕ್ವಾ. ಬೆಳಗಾವಿಗೆ ಕರೆತಂದು ನೆಹರು ನಗರದ ದವಾಖಾನೆಗೆ ಸೇರಿಸಿದೆವು. ಜೀವ ಉಳಿಯಿತು, ಬಲಗಾಲು ಎಳೆದುಕೊಂಡು ನಡೆಯುವಷ್ಟು ಸುಧಾರಿಸಿತು, ಬಲಗೈ ಅಷ್ಟಕ್ಕಷ್ಟೆ. ಮಾತು ಮಾತ್ರ ಹೋಯಿತು. ಕಿವಿ ಕೇಳುತ್ತದೆ, ನಾಲಗೆ ಹೊರಳುತ್ತದೆ, ತಲೆಯಲ್ಲಿ ಹೇಳಬೇಕಾದದ್ದೂ ಇರುತ್ತದೆ, ಆದರೆ ಅದಕ್ಕೆ ತಕ್ಕ ಶಬ್ದ ಸಿಗುವುದಿಲ್ಲ. ಇದಕ್ಕೆ ಅಫೇಸಿಯಾ ಅನ್ನುತ್ತಾರೆ ಎಂದು ಡಾಕ್ಟರರು ವಿವರಿಸಿದರು. ಇಂಗ್ಲಿಷಿನಲ್ಲಿ ಫೇಸ್ ಪೌಡರಿನ ಪರಿಚಯ ಮಾತ್ರ ಇದ್ದ ಕಾಕು, ಇದು ಮುಖದ ಬ್ಯಾನಿಯೇ ಇರಬೇಕೆಂದು ತಿಳಿದು, ಒಂದಷ್ಟು ದಿನ ಅವನ ಎರಡೂ ಕೆನ್ನೆಗೆ ಔಡಲೆಣ್ಣೆ ತಿಕ್ಕಿದಳು. ಕಾಕಾ ಮಿರಮಿರ ಮಿಂಚುತ್ತ ಸುಮ್ಮನೆ ಕುಳಿತಿರುತ್ತಿದ್ದ.

ಮಾತಿನ ತರಬೇತಿಗೆಂದು ಇಬ್ಬರನ್ನೂ ಬೆಳಗಾವಿಯ ಕ್ಯಾಂಪ್ ಬಡಾವಣೆಯ ಅಂಚಿನಲ್ಲಿರುವ ನಮ್ಮ ಮನೆಯಲ್ಲೇ ಇರಿಸಿಕೊಂಡೆವು. ನೋಡಲು ಬಂದವರೆಲ್ಲ ಅವನಿಗೆ ಕಿವುಡು ಬಡಿದಿದೆಯೆಂಬಂತೆ ಕೂಗಿ ಮಾತಾಡುತ್ತಿದ್ದರು, ಇಲ್ಲವೇ ಅವನು ಕೋಣೆಯಲ್ಲೇ ಇಲ್ಲವೆಂಬಂತೆ “ಊಟಾ ಮಾಡತಾರೇನ್ರಿ?” ಎಂದು ಕಾಕುವನ್ನು ಕೇಳುತ್ತಿದ್ದರು. ನಾನು ಅಂಥವಳಲ್ಲ, ಅವನನ್ನೇ ಕೇಳುತ್ತಿದ್ದೆ. ಆದರೆ ನನ್ನ ವಾಕ್ಯಗಳು ಎಂಥವೆಂಬುದು ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿರಬೇಕು. ‘ಕಾಕಾ, ನಿನಗೆ ಈಗ ಚಹಾ ಬೇಕೋ ಅಥವಾ ಸ್ನಾನವಾದ ಮೇಲೆ ಕುಡಿಯುತ್ತೀಯೋ, ಇಲ್ಲ ಮೊದಲು ಗುಳಿಗೆ ತೆಗೆದುಕೊಂಡು ಆಮೇಲೆ ನೋಡೋಣವೋ’ ಎಂದು ನಾನು ಕೇಳಿ ಮುಗಿಸುವಷ್ಟರಲ್ಲಿ ಚಹಾ ಆರಿರುತ್ತಿತ್ತು, ಕಾಕಾನ ಹುಬ್ಬು ಗಂಟಿಕ್ಕಿರುತ್ತಿತ್ತು. ಮಾತು ಕಲಿಸುವ ದವಾಖಾನೆಯ ಹುಡುಗಿ, ಬಹಳ ಸೌಮ್ಯ ಸ್ವಭಾವದವಳು, ಒಂದು ದಿನ ನನ್ನನ್ನು ಬದಿಗೆ ಕರೆದು, “ಮೇಡಮ್, ಪ್ರಶ್ನಿ ಕೇಳಾಕ ನೀವು ಎಷ್ಟು ಟೈಮ್ ತಗೋತೀರಲ್ಲ, ಉತ್ತರಾ ಹೇಳಾಕ ಅವರಿಗೂ ಅಷ್ಟ ಕೊಡ್ರಿ” ಎಂದಳು.

ಅವಳು ಹೇಳಿಕೊಟ್ಟದ್ದು ಸರಳವಾಗಿತ್ತು. ಒಂದು ಸಲಕ್ಕೆ ಒಂದೇ ವಿಷಯ. ಚಿಕ್ಕ ವಾಕ್ಯ. ಕೇಳುವ ವಸ್ತುವನ್ನು ಕೈಯಲ್ಲಿ ಹಿಡಿದು ತೋರಿಸಬೇಕು. ಕೇಳಿ ಸುಮ್ಮನೆ ಕಾಯಬೇಕು, ಅವನ ಬಾಯಿಗೆ ನಾವು ಶಬ್ದ ತುರುಕಬಾರದು. ತಲೆಯಾಡಿಸಿದನೆಂದು ನಂಬಿಬಿಡಬಾರದು, ಹೌದು ಎನ್ನುವಾಗ ಅಲ್ಲವೆಂದೂ ಅಲ್ಲವೆನ್ನುವಾಗ ಹೌದೆಂದೂ ತಲೆ ಆಡಿಬಿಡಬಹುದು. ಈ ಕೊನೆಯ ಮಾತು ಕೇಳಿ ನಮ್ಮ ಮನೆಯವರು, ತಾವು ಮದುವೆಯಾದಾಗಿನಿಂದ ಹಾಗೆಯೇ ತಲೆಯಾಡಿಸುತ್ತ ಬಂದಿರುವುದಾಗಿ ನಿವೇದಿಸಿಕೊಂಡರು.

ಇಷ್ಟೆಲ್ಲ ಆಗಿಯೂ ಕಾಕಾನ ಬಾಯಿಗೆ ಮರಳಿದ್ದು ಒಂದೇ ಒಂದು ಶಬ್ದ. ಆತ.

ಅದೂ ‘ಆತ’ವೋ ‘ಆತಾ’ವೋ ನನಗೆ ತಿಳಿಯದು. ಕೊನೆಯ ಸ್ವರವನ್ನು ಅವನು ಎಲ್ಲೋ ನಡುವೆ ತೇಲಿಸಿಬಿಡುತ್ತಿದ್ದ. ಹ್ರಸ್ವವೆಂದರೆ ಹ್ರಸ್ವ, ದೀರ್ಘವೆಂದರೆ ದೀರ್ಘ, ಸಿಟ್ಟು ಬಂದಾಗ ಸಾಕ್ಷಾತ್ ಪ್ಲುತ. ಜೀವಮಾನವಿಡೀ ಪರರ ಸ್ವರಗಳನ್ನು ಅಳೆದ ನಾನು ಅವನ ಬಾಯಿಯ ಹತ್ತಿರ ಕಿವಿಯಿಟ್ಟು ಕುಳಿತರೂ ಮಾತ್ರೆ ಎಣಿಸಲಾಗಲಿಲ್ಲ.

ನಮ್ಮ ಮನೆಯವರು ಮೊದಲ ದಿನವೇ ಇದನ್ನು ಬಗೆಹರಿಸಿಬಿಟ್ಟರು. ನಮ್ಮ ಕಡೆ ‘ಆಯಿತು’ ಎನ್ನುವುದಕ್ಕೆ ‘ಆತು’, ಅವಸರದಲ್ಲಿ ‘ಆತ’. ಊಟ ಆತ, ಅಂದರೆ ಊಟವಾಯಿತು. ಆದ್ದರಿಂದ ಕಾಕಾ ತಟ್ಟೆಯ ಮುಂದೆ ಕುಳಿತು ‘ಆತ’ ಎಂದರೆ ಅವರು ತಟ್ಟೆ ಎತ್ತಿಬಿಡುತ್ತಿದ್ದರು. ಕಾಕಾ ಎಡಗೈಯಿಂದ ತಟ್ಟೆಯನ್ನು ಹಿಡಿದೆಳೆದು ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದ. ಈ ಬ್ಯಾನಿಯಲ್ಲಿ ಸಿಟ್ಟು ಹೆಚ್ಚಂತೆ, ಪಾಪ, ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು.

ಬಾನು ಖಾಲಾ ಅವರದು ಬೇರೆ ಅರ್ಥ. ಸಂಜೆ ಬಂದು ಕಾಕಾನ ಎದುರು ಕುಳಿತು ದಖ್ಖನಿಯಲ್ಲಿ ತಮ್ಮ ಸೊಸೆಯ ಮೇಲೆ ದೂರು ಹೇಳಿಕೊಳ್ಳುವುದು ಅವರ ಪದ್ಧತಿ, ಎದುರು ಮಾತಾಡದೆ ಕೇಳುವವರು ಓಣಿಯಲ್ಲಿ ಮತ್ತಾರೂ ಇರಲಿಲ್ಲವಾಗಿ. ಕಾಕಾ ‘ಆತ’ ಎಂದೊಡನೆ ಅವರು ಬಾಗಿಲ ಕಡೆ ತಿರುಗಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅವರ ಭಾಷೆಯಲ್ಲಿ ‘ಆತಾ’ ಎಂದರೆ ಬರುತ್ತಾನೆ ಎಂದು. “ಕೋಯಿ ಆತಾ ಬೋಲ್ತಾ”, ಯಾರೋ ಬರುತ್ತಾರೆಂದು ಹೇಳುತ್ತಿದ್ದಾರೆ ಎನ್ನುತ್ತ ಬಾಗಿಲನ್ನೇ ನೋಡುತ್ತಿದ್ದರು. ಅಪ್ಪಿತಪ್ಪಿ ಒಂದೆರಡು ಸಲ ಯಾರೋ ಬಂದೂ ಬಿಟ್ಟರು, ಒಮ್ಮೆ ಗ್ಯಾಸಿನವನು, ಒಮ್ಮೆ ಅವರದೇ ಸೊಸೆ. ಖಾಲಾ ಅವರಿಗೆ ಕಾಕಾನ ಮೇಲೆ ಭಕ್ತಿಯೇ ಹುಟ್ಟಿತು.

ಇಷ್ಟು ಸಾಕಿತ್ತು ನನಗೆ. ನಾನು ವ್ಯಾಕರಣಕ್ಕೆ ಇಳಿದೆ. ಆತ: ಪ್ರಥಮ ಪುರುಷ, ಏಕವಚನ, ಪುಲ್ಲಿಂಗ. ದೂರವಾಚಿ ಸರ್ವನಾಮ. ಕಾಕಾ ಯಾರೋ ಒಬ್ಬನನ್ನು ಕೇಳುತ್ತಿದ್ದಾನೆ, ಆ ವ್ಯಕ್ತಿ ಬರಲೆಂದು ಹಂಬಲಿಸುತ್ತಿದ್ದಾನೆ, ಬೇನೆ ಹೆಸರನ್ನು ಕಸಿದುಕೊಂಡು ಸರ್ವನಾಮವನ್ನು ಉಳಿಸಿದೆ! ಈ ಶೋಧದಿಂದ ನನಗಾದ ರೋಮಾಂಚನವನ್ನು ಏನೆಂದು ಹೇಳಲಿ. ಖಾನಾಪುರದಲ್ಲಿ ‘ಅಂವ’ ಎನ್ನುತ್ತಾರೆಯೇ ಹೊರತು ‘ಆತ’ ಎನ್ನುವವರು ಅಪರೂಪ ಎಂಬ ಸಣ್ಣ ತೊಡಕು ಇತ್ತು. ಪಂಡಿತಬಾಯಿಯ ಸಹವಾಸದಿಂದ ಗ್ರಂಥಭಾಷೆ ಬಂದಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಲ್ಲಿಂದ ಆತನ ಹುಡುಕಾಟ ಆರಂಭವಾಯಿತು. ಜತೆಗೆ ಕೆಲಸ ಮಾಡಿದ ಕಂಡಕ್ಟರು ಬಂದರು, ಹಿಂದೊಮ್ಮೆ ಜಗಳವಾಡಿ ಮಾತು ಬಿಟ್ಟಿದ್ದ ಸಾಂಬ್ರಾದ ದಾಯಾದಿ ಬಂದರು, ಬಾಡಿಗೆಗಿದ್ದು ಹೋದ ಮಾಸ್ತರರು ಬಂದರು. ಪ್ರತಿಯೊಬ್ಬರನ್ನೂ ಕಂಡು ಕಾಕಾ ಅಗಲವಾಗಿ ನಕ್ಕು “ಆತ” ಎಂದ. ಪ್ರತಿಯೊಬ್ಬರೂ ತಾವೇ ಆತನೆಂದು ತಿಳಿದು ಕಣ್ಣೀರು ಒರೆಸಿಕೊಂಡರು. ಸಾಂಬ್ರಾದವರಂತೂ ಜಗಳದಲ್ಲಿ ತಪ್ಪು ತಮ್ಮದೇ ಎಂದು ಒಪ್ಪಿಕೊಂಡು ಹೋದರು. ಇಷ್ಟು ಜನ ಆತರು ಬಂದು ಹೋದ ಮೇಲೂ ಕಾಕಾ ‘ಆತ’ ಎನ್ನುವುದನ್ನು ನಿಲ್ಲಿಸಲಿಲ್ಲ, ನನ್ನ ಆತುರ ಆತಂಕಕ್ಕೆ ತಿರುಗತೊಡಗಿತು.

ಈ ಗದ್ದಲದಲ್ಲಿ ಕಾಕುವಿನ ಕಡೆಗೆ ನಾವು ಯಾರೂ ನೋಡಿರಲಿಲ್ಲ. ಆಕೆ ಊಟದಲ್ಲಿ ಒಂದೊಂದೇ ರೊಟ್ಟಿ ಕಡಿಮೆ ಮಾಡುತ್ತ ಬಂದಿದ್ದಳು. ತರಬೇತಿಗೆ ಹೊರಡುವ ದಿನ ಚಪ್ಪಲಿ ಮೆಟ್ಟಿಸುವಾಗ ಕಾಕಾ “ಆತ, ಆತ” ಎಂದು ಕೋಲು ಕುಟ್ಟುತ್ತಿದ್ದ, ದವಾಖಾನೆಯ ಬೆಂಚಿನ ಮೇಲೆ ಕುಳಿತಾಗಲೂ ಕುಟ್ಟುತ್ತಿದ್ದ. ಕಾಕು ತಲೆ ತಗ್ಗಿಸಿ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಅರಿವೆ ಒಣಹಾಕುತ್ತ, ನನ್ನ ಕಡೆ ತಿರುಗದೆಯೇ ಹೇಳಿದಳು.

“ಸಾಕು ಮಾಡೂಣು ಸುಮಾ. ಅವರಽ ಹೇಳಾಕತ್ತಾರಲ್ಲ, ಆತು ಅಂತ. ಸಂಜೀಮುಂದ ಬಾಜೂಕ ಕುಂತರ ನನ್ನ ಮಾರಿ ನೋಡಿ ಅದಽ ಅಂತಾರ. ಮುಗೀತು ಅಂತಾರ. ಇನ್ನ ಎಷ್ಟ ಸಲ ಹೇಳಬೇಕವರು?”

ನಾನು ಬಾಯಿ ತೆರೆದೆ. ‘ಆತ’ ಎಂದರೆ ಸರ್ವನಾಮ ಎಂದು ಹೇಳಲಿಕ್ಕೆ. ಆಕೆಯ ಕೈಯಲ್ಲಿದ್ದ ಕಾಕಾನ ಒದ್ದೆ ಅಂಗಿಯನ್ನು ನೋಡಿ ಬಾಯಿ ಮುಚ್ಚಿಕೊಂಡೆ. ಐವತ್ತು ವರ್ಷ ಜತೆಗಿದ್ದವಳು ಕೇಳಿಸಿಕೊಂಡದ್ದೇ ಸರಿಯಿದ್ದರೆ? ತನ್ನ ಬದುಕು ಮುಗಿಯಿತೆಂದು ಮುದುಕನೊಬ್ಬ ಇರುವ ಒಂದೇ ಮಾತಿನಲ್ಲಿ ದಿನವೂ ಹೇಳುತ್ತಿದ್ದರೆ, ಅವನನ್ನು ಬೆಂಚಿನ ಮೇಲೆ ಕೂರಿಸಿ ಬಾಳೆಹಣ್ಣಿನ ಚಿತ್ರ ತೋರಿಸುವುದು ಎಂಥ ಕೆಲಸ? ಶನಿವಾರ ಖಾನಾಪುರಕ್ಕೆ ಕರೆದುಕೊಂಡು ಹೋಗುವುದು, ಮತ್ತೆ ತರಬೇತಿಗೆ ಬರುವುದು ಬೇಡ ಎಂದು ಕಾಕು ತೀರ್ಮಾನಿಸಿದಳು. ಸೋಮವಾರದ ಪಾಳಿಯನ್ನು ಮಾತ್ರ ನಾನು ರದ್ದು ಮಾಡಿಸಲಿಲ್ಲ, ಮಾಡಿಸುತ್ತೇನೆಂದು ಹೇಳಿ ಸುಮ್ಮನಿದ್ದೆ.

ಶನಿವಾರದ ಆ ಪ್ರಯಾಣವನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಬರಲಿಲ್ಲ. ನಮ್ಮ ಮನೆಯವರು ಕಾರು ನಡೆಸುತ್ತಿದ್ದರು, ಮುಂದೆ ಕಾಕಾ, ಹಿಂದೆ ನಾವಿಬ್ಬರು. ಪೀರನವಾಡಿ ದಾಟಿತು, ಮಚ್ಛೆ ದಾಟಿತು, ಕಾಕಾ ಕಿಟಕಿಯಿಂದ ಹೊರಗೆ ನೋಡುತ್ತ ನಡುನಡುವೆ “ಆತ” ಎನ್ನುತ್ತಿದ್ದ. ಅವನು ಹಾಗೆ ಅಂದಾಗಲೆಲ್ಲ ನಮ್ಮ ಮನೆಯವರು ಕಾರು ನಿಲ್ಲಿಸಬೇಕೇನೋ ಎಂದು ಬ್ರೇಕು ಒತ್ತುತ್ತಿದ್ದರು, ನಾನು ರಸ್ತೆಯಲ್ಲಿ ಯಾವ ಗಂಡಸು ನಿಂತಿದ್ದಾನೆಂದು ಕತ್ತು ಚಾಚುತ್ತಿದ್ದೆ, ಕಾಕು ಕಣ್ಣೊರೆಸಿಕೊಳ್ಳುತ್ತಿದ್ದಳು. ಒಂದೇ ಶಬ್ದಕ್ಕೆ ಮೂರು ಜನ ಮೂರು ಬಗೆಯಲ್ಲಿ ವರ್ತಿಸುವುದನ್ನು ಕಾಕಾ ಒಮ್ಮೆ ಹಿಂದೆ ಮುಂದೆ ತಿರುಗಿ ನೋಡಿ, ಇವರಿಗೆ ಏನಾಗಿದೆ ಎಂಬಂತೆ ಮತ್ತೆ ಕಿಟಕಿಗೆ ತಿರುಗಿದ.

ಖಾನಾಪುರದ ಮನೆಯ ಬಾಗಿಲು ತೆರೆದು ಇನ್ನೂ ಕಸ ಗುಡಿಸುತ್ತಿರುವಾಗಲೇ ಎದುರು ಮನೆಯ ಮಾರುತಿ ಮಾಮಾ ಬಂದರು. ಕಾಕಾನ ಜತೆ ಮರಾಠಿ ಸಾಲೆಯಲ್ಲಿ ಕಲಿತವರು, ಸಂಜೆಯ ತಿರುಗಾಟದ ಸಂಗಾತಿ. ನನ್ನ ಪಟ್ಟಿಯಲ್ಲಿ ಉಳಿದಿದ್ದ ಕೊನೆಯ ‘ಆತ’ ಇವರೇ. ಕಾಕಾ ಕಟ್ಟೆಯ ಮೇಲೆ ಕುಳಿತಿದ್ದವನು ಮಾಮಾರನ್ನು ಕಂಡು ಕೋಲಿಗೆ ಕೈ ಹಾಕಿ, “ಆತಾ?” ಎಂದ.

ಮಾಮಾ ಚಪ್ಪಲಿ ಬಿಡುತ್ತ, ಏನೂ ವಿಶೇಷವಿಲ್ಲವೆಂಬಂತೆ ಉತ್ತರಿಸಿದರು. “ಆತಾ ನಕೋ ರೇ, ಊನ್ ಕಿತೀ ಆಹೇ. ಸಂಧ್ಯಾಕಾಳೀ ಜಾಊ.”

ಈಗ ಬೇಡವೋ, ಬಿಸಿಲು ಎಷ್ಟಿದೆ, ಸಂಜೆ ಹೋಗೋಣ. ಮರಾಠಿಯಲ್ಲಿ ‘ಆತಾ’ ಎಂದರೆ ಈಗ. ಇದು ಬೆಳಗಾವಿಯಲ್ಲಿ ತರಕಾರಿ ಕೊಳ್ಳುವ ಯಾರಿಗಾದರೂ ಗೊತ್ತು, ನನಗೂ ಗೊತ್ತು, ಕಾಕುವಿಗೂ ಗೊತ್ತು. ಕಾಕಾ ಕೋಲನ್ನು ಗೋಡೆಗೆ ಒರಗಿಸಿ, ಬೆನ್ನು ಹಿಂದಕ್ಕೆ ಚೆಲ್ಲಿ, ಎಷ್ಟೋ ತಿಂಗಳಿಂದ ನಾನು ನೋಡದಿದ್ದ ನೆಮ್ಮದಿಯಲ್ಲಿ ಕುಳಿತ. ಸಂಜೆ ಮಾಮಾ ಬಂದಾಗ ತಾನೇ ಎದ್ದು, ಕಾಲೆಳೆಯುತ್ತ, ಅವರೊಡನೆ ಓಣಿಯ ತಿರುವಿನವರೆಗೆ ಹೋಗಿ ಬಂದ.

ಅಂದರೆ ತಟ್ಟೆಯ ಮುಂದೆ ಅವನು ಊಟ ಈಗಲೇ ಬಡಿಸಿ ಅನ್ನುತ್ತಿದ್ದನೇ? ಚಪ್ಪಲಿ ಮೆಟ್ಟುವಾಗ ಕೋಲು ಕುಟ್ಟಿದ್ದು ಸಾಕೆಂದಲ್ಲ, ಬೇಗ ನಡೆಯಿರಿ ಎಂದೇ? ಬೇಡವೆನ್ನುತ್ತಾನೆಂದು ನಾವು ಮರುಗಿದಲ್ಲೆಲ್ಲ ಅವನು ಬೇಕೆನ್ನುತ್ತಿದ್ದನೇ? ನಾಚಿಕೆ ಮತ್ತು ಸಂತೋಷ ಎರಡೂ ಒಮ್ಮೆಗೇ ಬಂದು ನನಗೆ ಕೂರಲಾಗಲಿಲ್ಲ. ಅಡುಗೆಮನೆಗೆ ಓಡಿ ಕಾಕುವಿಗೆ ಎಲ್ಲವನ್ನೂ ಹೇಳಿದೆ, ಚಿಕ್ಕ ವಾಕ್ಯಗಳಲ್ಲೇ ಹೇಳಿದೆ. ಆಕೆ ಕುಣಿದಾಡುವಳೆಂದು ಎಣಿಸಿದ್ದೆ. ಕಾಕು ಒಲೆಯ ಮೇಲಿನ ಹಾಲನ್ನೇ ನೋಡುತ್ತ ನಿಂತಳು.

“ನನ್ನ ಕೂಡ ಅವರು ಒಂದ ದಿನಾ ಮರಾಠಿ ಮಾತಾಡಿಲ್ಲ,” ಎಂದಳು. “ಕಡೀಕ ಒಂದ ಶಬ್ದ ಉಳೀತು. ಅದೂ ಮರಾಠೀದು ಉಳೀತು.”

ಗಂಡ ಬದುಕು ಮುಗಿಯಿತೆನ್ನಲಿಲ್ಲ ಎಂದು ಹಿಗ್ಗಬೇಕೋ, ಉಳಿದ ಒಂದೇ ಮಾತು ತನ್ನ ಪಾಲಿಗೆ ಬರಲಿಲ್ಲವೆಂದು ಅಳಬೇಕೋ ಆಕೆಗೆ ತಿಳಿದಂತಿರಲಿಲ್ಲ. ಹಾಲು ಉಕ್ಕಿತು, ಇಬ್ಬರೂ ಒಟ್ಟಿಗೇ ಒಲೆ ಆರಿಸಲು ಹೋಗಿ ಕೈ ಸುಟ್ಟುಕೊಂಡೆವು.

ನಾನು ದವಾಖಾನೆಯ ಹುಡುಗಿಗೆ ಫೋನು ಮಾಡಿ ನನ್ನ ಹೊಸ ಶೋಧವನ್ನು ವರದಿ ಮಾಡಿದೆ. ಅವಳು ಕೇಳಿ ಸಂತೋಷಪಟ್ಟಳು, ಆದರೆ ತೀರ್ಪು ಕೊಡಲಿಲ್ಲ. ಎರಡು ಭಾಷೆ ಆಡಿದವರಿಗೆ ಒಂದು ಮೊದಲು, ಇನ್ನೊಂದು ಆಮೇಲೆ ಮರಳಬಹುದಂತೆ. ಒಂದೇ ಶಬ್ದ ಉಳಿದವರು ಅದರಲ್ಲೇ ಎಲ್ಲವನ್ನೂ ಹೇಳಲು ನೋಡುತ್ತಾರಂತೆ. ಇವತ್ತು ಅದು ‘ಈಗ’ ಆಗಿರಬಹುದು, ನಾಳೆ ಮತ್ತೊಂದು. ಯಾವುದಕ್ಕೂ ಮುಖ ನೋಡಿ, ಕೈ ನೋಡಿ, ಕಾಯಿರಿ ಎಂದಳು. ನನಗೆ ಇದು ರುಚಿಸಲಿಲ್ಲ. ಇಷ್ಟು ಕಷ್ಟಪಟ್ಟು ಒಂದು ಅರ್ಥವನ್ನು ಹಿಡಿದು ತಂದವಳಿಗೆ ಅದನ್ನು ಮತ್ತೆ ಬಿಟ್ಟುಬಿಡು ಎಂದರೆ ಹೇಗೆ? ಮರುದಿನ ಸ್ನಾನ ಮುಗಿಸಿ, ಹಂಡೆಯ ನೀರೂ ಮುಗಿದು, ಟಾವೆಲ್ಲಿಗೆ ಕೈ ಚಾಚಿ ಕಾಕಾ “ಆತ” ಎಂದ. ಈಗ ಎಂದರೆ ಅಲ್ಲಿ ಅರ್ಥವೇ ಇಲ್ಲ, ಅದು ಅಪ್ಪಟ ಕನ್ನಡದ ಆತು. ಮಧ್ಯಾಹ್ನ ತರಕಾರಿ ಮಾರುವವನು ಓಣಿಯಲ್ಲಿ ಕಂಡಾಗ ಅವನತ್ತ ಬೆರಳು ಮಾಡಿ ಮತ್ತೆ “ಆತ”. ನನ್ನ ಸತ್ತುಹೋಗಿದ್ದ ಸರ್ವನಾಮ ಎದ್ದು ಕುಳಿತಿತು. ಸಂಜೆಯ ಹೊತ್ತಿಗೆ ನಾನು ಬೆಳಗಾವಿಯಿಂದ ಹೊರಟಾಗ ಎಷ್ಟು ಗೊಂದಲದಲ್ಲಿದ್ದೆನೋ ಅದಕ್ಕಿಂತ ಹೆಚ್ಚು ಗೊಂದಲದಲ್ಲಿದ್ದೆ.

ಅದಕ್ಕಿಂತ ಕಷ್ಟದ ಪ್ರಶ್ನೆ ಬೇರೆ ಇತ್ತು. ದಿನವೂ ಸಂಜೆ ಕಾಕುವಿನ ಮುಖ ನೋಡಿ ಅವನು ಹೇಳುತ್ತಿದ್ದದ್ದು ಯಾವುದು? ಈಗ ಏನು ಎಂದು ಕೇಳುತ್ತಿದ್ದನೋ, ಮುಗಿಯಿತೆಂದೇ ಹೇಳುತ್ತಿದ್ದನೋ? ಅಲ್ಲಿ ತಟ್ಟೆಯೂ ಇರಲಿಲ್ಲ, ಚಪ್ಪಲಿಯೂ ಇರಲಿಲ್ಲ, ಇಬ್ಬರ ಮುಖಗಳಷ್ಟೇ ಇದ್ದವು. ನಾನು ಅದನ್ನು ಕಾಕುವಿಗೆ ವಿವರಿ‌ಸಹೋಗಲಿಲ್ಲ. ಸೋಮವಾರ ಬರುತ್ತೀಯಾ ಎಂದೂ ಕೇಳಲಿಲ್ಲ, ಕೇಳಬೇಕೆಂದು ನಾಲಗೆ ತುದಿಯವರೆಗೆ ಬಂದದ್ದನ್ನು ಪ್ರತಿ ಸಲವೂ ನುಂಗಿದೆ.

ಸೋಮವಾರ ಬೆಳಿಗ್ಗೆ ನಾವು ಗಂಡಹೆಂಡತಿ ಬೆಳಗಾವಿಗೆ ಹೊರಟು ನಿಂತೆವು. ನಮ್ಮ ಮನೆಯವರು ಕಾರನ್ನು ಬಾಗಿಲಿಗೆ ತಂದರು. ಕಾಕು ಪಡಸಾಲೆಯಲ್ಲಿ ಈಳಿಗೆಯ ಮುಂದೆ ಕುಳಿತು ಹೀರೆಕಾಯಿ ಹೆಚ್ಚುತ್ತಿದ್ದಳು, ಮಧ್ಯಾಹ್ನದ ಅಡುಗೆಗೆ, ಇಬ್ಬರಿಗೆ ಆಗುವಷ್ಟು. ಹಾಗಾದರೆ ಉತ್ತರ ಸಿಕ್ಕಂತಾಯಿತು ಎಂದುಕೊಂಡು ನಾನು ಚೀಲ ಎತ್ತಿಕೊಂಡೆ.

ಕಾಕಾ ಮಂಚದಿಂದ ಎದ್ದ. ಹೊಸ್ತಿಲವರೆಗೆ ಬಂದು ಕಾರನ್ನು ನೋಡಿದ. ಆಮೇಲೆ ಹಿಂದಕ್ಕೆ ತಿರುಗಿ, ಕಾಲೆಳೆಯುತ್ತ ಹೋಗಿ ಕಾಕುವಿನ ಎದುರು ನಿಂತು “ಆತ” ಎಂದ.

ಕಾಕು ತಲೆಯೆತ್ತಲಿಲ್ಲ. “ಯಾವ ಆತ ಅಂತ ತಿಳ್ಕೋಬೇಕ್ರೀ ನಾ?” ಎಂದಳು.

ಅವನು ಕಾದ. ಆಕೆಯೂ ಕಾದಳು. ಇಷ್ಟು ತಿಂಗಳಲ್ಲಿ ನಮ್ಮ ಮನೆಯ ಯಾರೂ ಅವನಿಗಾಗಿ ಅಷ್ಟು ಹೊತ್ತು ಕಾದಿರಲಿಲ್ಲ. ನಮ್ಮ ಮನೆಯವರು ಹಾರ್ನ್ ಒತ್ತಲು ಹೋದದ್ದನ್ನು ಕಂಡು ನಾನು ಕೈ ಅಡ್ಡ ಮಾಡಿದೆ. ಕಾಕಾ ಕೋಲನ್ನು ಗೋಡೆಗೆ ಒರಗಿಸಿ, ಎಡಗೈಯನ್ನು ಚಾಚಿ, ಆಕೆಯ ಭುಜದ ಮೇಲಿನ ಸೆರಗಿನ ಅಂಚನ್ನು ಹಿಡಿದು ಬಾಗಿಲ ಕಡೆಗೆ ಜಗ್ಗಿದ. ಮತ್ತೆ ಅದೇ ಶಬ್ದ.

ಕಾಕು ಈಗ ಮುಖವೆತ್ತಿ ಅವನನ್ನು ನೋಡಿದಳು. “ನಾನೂ ಬರಬೇಕ?”

ಕಾಕಾ ಹೌದೆಂದು ತಲೆಯಾಡಿಸಿದ, ಕೂಡಲೇ ಅಲ್ಲವೆಂದೂ ಆಡಿಸಿದ, ತಾನೇ ಗೊಂದಲಗೊಂಡು ತಲೆಯನ್ನು ನಿಲ್ಲಿಸಿದ. ಸೆರಗನ್ನು ಮಾತ್ರ ಬಿಡಲಿಲ್ಲ.

“ಆತು” ಎಂದಳು ಕಾಕು.

ನಮ್ಮ ಕಡೆ ಅದಕ್ಕೆ ಮುಗಿಯಿತು ಎಂದಷ್ಟೇ ಅಲ್ಲ, ಆಗಲಿ ಎಂದೂ ಅರ್ಥ. ಎರಡರಲ್ಲಿ ಯಾವುದನ್ನು ಹೇಳಿದೆ ಎಂದು ನಾನು ಕೇಳಲಿಲ್ಲ. ಸೀರೆ ಬದಲಿಸಿ ಬರುತ್ತೇನೆಂದು ಆಕೆ ಎದ್ದಳು. ಕಾಕಾ ಹಿಡಿತ ಸಡಿಲಿಸಲಿಲ್ಲ. ಹೀರೆಕಾಯಿಯನ್ನು ಅರ್ಧಕ್ಕೇ ಬಿಟ್ಟು, ಮನೆಯಲ್ಲುಟ್ಟ ಸೀರೆಯಲ್ಲೇ ಕಾಕು ಬಂದು ಕಾರಿನಲ್ಲಿ ಕುಳಿತಳು.